ಒಣಗಿದ ಎಲೆಯಂಥ ಕಂದು ಚಿಟ್ಟೆ: ಒಂದೇ ಜಾತಿಯಾ, ಎರಡಾ?

ಕಾಡುದಾರಿ:
ಮರಗಳ ನೆರಳಲ್ಲಿ, ಉದುರಿದ ಎಲೆಗಳ ಮೇಲೆ ಕೂರುವ ಒಂದು ಕಂದು ಚಿಟ್ಟೆ ಯಾವುದೆಂದು ಗೊತ್ತಾಗಬೇಕಿದೆ. ಹಗಲೆಲ್ಲ ಅಲ್ಲಾಡುವುದಿಲ್ಲ. ಕಾಲು ಹತ್ತಿರ ಬಂದರೆ ಮಾತ್ರ ಪಟ್ಟನೆ ಎದ್ದು ನಾಲ್ಕು ಹೆಜ್ಜೆ ಆಚೆ ಹೋಗಿ ಕೂರುತ್ತದೆ, ಆಮೇಲೆ ಎಲ್ಲಿದೆ ಅಂತ ಹುಡುಕಬೇಕು. ಹೊತ್ತು ಮುಳುಗುವಾಗ ಹಾರಾಟ ಜೋರು. ಮಳೆಗಾಲದಲ್ಲಿ ಕಂಡವಕ್ಕೆ ರೆಕ್ಕೆಯ ಅಡಿಭಾಗದಲ್ಲಿ ಕಣ್ಣಿನಂಥ ಚುಕ್ಕೆಗಳ ಸಾಲಿತ್ತು. ಒಣ ಹವೆಯಲ್ಲಿ ಕಂಡವಕ್ಕೆ ಅದು ಇಲ್ಲವೇ ಇಲ್ಲ, ಥೇಟ್ ಒಣ ಎಲೆ. ಇವು ಬೇರೆ ಬೇರೆ ಜಾತಿಯಾ? ಮೊಟ್ಟೆ ಎಲ್ಲಿ ಇಡುತ್ತವೆ?

ಹುಲ್ಲುಗರಿ:
ನೀವು ಹೇಳಿದ ನಡವಳಿಕೆಯೆಲ್ಲ ಕಾಮನ್ ಈವ್ನಿಂಗ್ ಬ್ರೌನ್‌ಗೆ ಸರಿಹೊಂದುತ್ತದೆ. ವೈಜ್ಞಾನಿಕ ಹೆಸರು ಮೆಲನೈಟಿಸ್ ಲೀಡಾ. ಆಫ್ರಿಕಾದಿಂದ ಏಷ್ಯಾ ದಾಟಿ ಆಸ್ಟ್ರೇಲಿಯಾದವರೆಗೂ ಇದೆ. ಎರಡೂ ಒಂದೇ ಜಾತಿ ಇರಬಹುದು, ಕಾಲಕ್ಕೆ ತಕ್ಕಂತೆ ವೇಷ ಬೇರೆ ಅಷ್ಟೇ.

ಮಳೆಗಾಲದಲ್ಲಿ ಸುತ್ತ ಹಸಿರು ಇರುತ್ತದೆ, ಕಂದು ಚಿಟ್ಟೆ ಅಡಗಿ ಕೂರುವುದು ಕಷ್ಟ. ಆಗ ಅಂಚಿನ ಕಣ್ಚುಕ್ಕೆಗಳು ಕೆಲಸಕ್ಕೆ ಬರುತ್ತವೆ, ಹಕ್ಕಿಯೋ ಹಲ್ಲಿಯೋ ಅದಕ್ಕೇ ಕುಕ್ಕಿದರೆ ರೆಕ್ಕೆಯ ತುದಿ ಹರಿದರೂ ಜೀವ ಉಳಿಯುತ್ತದೆ. ಒಣಗಾಲದಲ್ಲಿ ನೆಲದ ತುಂಬ ಎಲೆ, ಸುಮ್ನೆ ಕೂತಿದ್ದರೆ ಸಾಕು. ಇನ್ನೂ ಚೆಂದದ ವಿಷಯ ಅಂದರೆ ಒಣಗಾಲದ ಚಿಟ್ಟೆಗಳಲ್ಲಿ ಒಂದರಂತೆ ಇನ್ನೊಂದು ಇರುವುದು ಅಪರೂಪ. ಬೂದು, ಕೆಂಗಂದು, ಮಚ್ಚೆ, ಗೆರೆ, ಎಲ್ಲ ಬಗೆಯೂ ಸಿಗುತ್ತದೆ. ಯಾವ ವೇಷ ಅನ್ನುವುದು ಹುಳುವಾಗಿದ್ದಾಗಿನ ಹವೆಯ ಮೇಲೆ ನಿಂತಿರುತ್ತದೆ. ರೆಕ್ಕೆ ಬಂದ ಮೇಲೆ ಬದಲಾಗುವುದಿಲ್ಲ.

ಎಲೆಮರೆ:
ಇಷ್ಟಕ್ಕೇ ಹೆಸರು ಖಾತ್ರಿ ಮಾಡಬೇಡಿ. ಡಾರ್ಕ್ ಈವ್ನಿಂಗ್ ಬ್ರೌನ್ ಅಂತ ಹತ್ತಿರದ ಸಂಬಂಧಿ ಇದೆ, ಅದೂ ಹೀಗೇ ಇರುತ್ತದೆ, ಅದಕ್ಕೂ ಕಾಲಕ್ಕೊಂದು ವೇಷ. ಮುಂದಿನ ರೆಕ್ಕೆಯ ಮೇಲ್ಭಾಗ ನೋಡಬೇಕು. ಕಾಮನ್‌ನಲ್ಲಿ ತುದಿಯ ಹತ್ತಿರ ಕಪ್ಪು ಮಚ್ಚೆ, ಅದರೊಳಗೆ ಎರಡು ಬಿಳಿ ಚುಕ್ಕೆ, ಪಕ್ಕದಲ್ಲಿ ಕಿತ್ತಳೆ ಬಣ್ಣ ಎದ್ದು ಕಾಣುತ್ತದೆ. ಡಾರ್ಕ್‌ನಲ್ಲಿ ಕಿತ್ತಳೆ ಸಾಮಾನ್ಯವಾಗಿ ಕಮ್ಮಿ, ಬಣ್ಣವೂ ಗಾಢ. ತೊಂದರೆ ಏನೆಂದರೆ ಇವು ರೆಕ್ಕೆ ಮುಚ್ಚಿಯೇ ಕೂರುತ್ತವೆ, ಹಾಗಾಗಿ ಮುಸ್ಸಂಜೆಯಲ್ಲಿ ಹಾರುವಾಗಲೇ ಫೋಟೋ ಪ್ರಯತ್ನಿಸಬೇಕು.

ಕಾಡುದಾರಿ:
ಹಾರುವಾಗ ಕಿತ್ತಳೆ ಮಿಂಚಿದ್ದು ಚೆನ್ನಾಗಿ ನೆನಪಿದೆ. ಹಾಗಾದರೆ ಕಾಮನ್ ಇರಬೇಕು, ಅಲ್ವಾ? ಹುಳು ಎಲ್ಲಿ ಹುಡುಕಲಿ?

ಹುಲ್ಲುಗರಿ:
ಹೌದು, ಆ ಕಡೆಗೇ ವಾಲುತ್ತದೆ. ಹುಳುವನ್ನು ಮರದಲ್ಲಿ ಹುಡುಕಬೇಡಿ, ಹುಲ್ಲಲ್ಲಿ ಹುಡುಕಿ. ಭತ್ತ, ಬಿದಿರು, ಕಾಡುಹುಲ್ಲು ಎಲ್ಲವೂ ಇದಕ್ಕೆ ಆಹಾರ. ನೆರಳಿನ ಅಂಚಲ್ಲಿ ಬೆಳೆದ ಹುಲ್ಲಿನ ಗರಿ ಪಕ್ಕದಿಂದ ಕಚ್ಚಿದಂತಿದ್ದರೆ ಮೆಲ್ಲಗೆ ಮಗುಚಿ ನೋಡಿ. ಮೊಟ್ಟೆ ದುಂಡಗೆ, ಹೊಳೆಯುವ ಮುತ್ತಿನ ಹಾಗೆ ಗರಿಗೆ ಅಂಟಿರುತ್ತದೆ. ಹುಳು ಹುಲ್ಲಿನದೇ ಹಸಿರು. ತಲೆಯ ಮೇಲೆ ಎರಡು ಕೊಂಬು, ಬಾಲದ ಕಡೆ ಕವಲು, ಒಮ್ಮೆ ನೋಡಿದರೆ ಮರೆಯುವುದಿಲ್ಲ. ಕೋಶವೂ ಹಸಿರು, ಗರಿಯ ಅಡಿಯಲ್ಲಿ ತಲೆಕೆಳಗಾಗಿ ನೇತಾಡುತ್ತದೆ.

ಎಲೆಮರೆ:
ಒಂದು ಮಾತು ಸೇರಿಸುತ್ತೇನೆ. ಇದಕ್ಕೆ ಹೂವಿಗಿಂತ ಕೊಳೆತ ಹಣ್ಣು, ಮರದ ರಸ ಇಷ್ಟ. ಉದುರಿದ ಹಣ್ಣು ಬಿದ್ದಿರುವ ಮರದ ಬುಡದಲ್ಲಿ ಸಂಜೆ ಕಾಯಿರಿ. ತಿನ್ನುವಾಗ ಬೇಗ ಹೆದರುವುದಿಲ್ಲ, ಹತ್ತಿರದಿಂದ ನೋಡಬಹುದು. ಫೋಟೋ ಸಿಕ್ಕರೆ ಇಲ್ಲೇ ಹಾಕಿ, ಮೇಲ್ಭಾಗ ಕಂಡರೆ ಹೆಸರು ಗಟ್ಟಿ ಮಾಡೋಣ.