ಮಳೆಗಾಲದಲ್ಲಿ ಏರ್ ಪಿಸ್ತೂಲಿನ ಸೀಸದ ಪೆಲೆಟ್ (ಪುಟ್ಟ ಗುಂಡು) ಬೆಳ್ಳಗಾಗುತ್ತಿದೆ, ತಾಮ್ರದ ಕೋಟಿಂಗ್ ಇರುವುದು ತಗೊಳ್ಳಬಹುದಾ?

ಮೂಡಿಗೆರೆ ತೋಟ:
ಎಲ್ಲರಿಗೂ ನಮಸ್ಕಾರ. ಮಗಳು ಒಂಬತ್ತನೇ ಕ್ಲಾಸು. 10 ಮೀಟರ್ ಏರ್ ಪಿಸ್ತೂಲು ಹೊಡೆಯುತ್ತಾಳೆ. 2024ರಲ್ಲಿ ಪ್ಯಾರಿಸ್‌ನಲ್ಲಿ ಮನು ಭಾಕರ್ ಕಂಚು ಗೆದ್ದದ್ದನ್ನು ಟಿವಿಯಲ್ಲಿ ನೋಡಿದಾಗಿನಿಂದ ಹಿಡಿದ ಹಠ. ಖಾಲಿ ಇದ್ದ ಕಾಫಿ ಗೋಡೌನಿನಲ್ಲಿ 10 ಮೀಟರ್ ಅಳೆದು ಜಾಗ ಮಾಡಿಕೊಟ್ಟಿದ್ದೇನೆ.

ಮೇ ತಿಂಗಳಲ್ಲಿ ಒಟ್ಟಿಗೆ ಎಂಟು ಟಿನ್ ಪೆಲೆಟ್ ತರಿಸಿದೆ. ಜುಲೈ ಹೊತ್ತಿಗೆ ತೆರೆದ ಟಿನ್‌ಗಳಲ್ಲೆಲ್ಲ ಸುಣ್ಣ ಬಳಿದ ಹಾಗೆ ಬಿಳಿ ಪುಡಿ. ಕೆಲವು ಬ್ಯಾರೆಲ್‌ಗೆ ಬಿಗಿಯಾಗಿ ಕೂರುತ್ತವೆ, ಕೆಲವು ಸಡಿಲ. ಒಂಬತ್ತು, ಹತ್ತು ಅಂಕ ಹೊಡೆಯುತ್ತಿದ್ದವಳು ಈಗ ಎಂಟು, ಏಳು ಅಂತಾಳೆ. ತನ್ನ ಕೈಯೇ ಕೆಟ್ಟಿತು ಎಂದು ಮೊನ್ನೆ ರಾತ್ರಿ ಅತ್ತಳು. ಅಂಗಡಿಯವರು ತಾಮ್ರದ ಕೋಟಿಂಗ್ ಇರುವುದು ತಗೊಳ್ಳಿ, ಬೆಳ್ಳಗಾಗಲ್ಲ, ಬ್ಯಾರೆಲ್ಲೂ ಕ್ಲೀನ್ ಇರುತ್ತೆ ಅಂದರು. ತಗೊಳ್ಳಲಾ? ಟಿನ್ ಮೇಲೆ ಪೆಲೆಟ್ ತಲೆಯ ಅಳತೆ 4.49, 4.50, 4.51 ಮಿ.ಮೀ. ಅಂತ ಇರುತ್ತಲ್ಲ, ಅದರಲ್ಲಿ ಯಾವುದು?

ಹಾಸನದ ಹಳೇ ಶೂಟರ್:
ಸಾರ್, ಮೊದಲು ಮಗಳಿಗೆ ಹೇಳಿ, ಕೈ ಕೆಟ್ಟಿಲ್ಲ ಅಂತ. ಏರ್ ಪಿಸ್ತೂಲಿನ ಟಾರ್ಗೆಟ್‌ನಲ್ಲಿ ಹತ್ತರ ವೃತ್ತದ ವ್ಯಾಸ 11.5 ಮಿ.ಮೀ. ಅಲ್ಲಿಂದ ಆಚೆಗೆ ಒಂದೊಂದು ರಿಂಗಿನ ಅಗಲ 8 ಮಿ.ಮೀ. ಅಷ್ಟೆ. ಪೆಲೆಟ್ ತಾನಾಗಿ 8 ಮಿ.ಮೀ. ಆಚೆ ಹೋದರೆ ಕೈ ಹೊಡೆದ ಒಂಬತ್ತು ಕಾಗದದ ಮೇಲೆ ಎಂಟಾಗುತ್ತದೆ. ಆ ಮಗು ತನ್ನದಲ್ಲದ ತಪ್ಪಿಗೆ ಅಳುತ್ತಿದೆ.

ಇನ್ನು ತಾಮ್ರದ ವಿಷಯ. ಮ್ಯಾಚ್ ಅಭ್ಯಾಸಕ್ಕೆ ಬೇಡ. ನಾನು ಒಂದು ವರ್ಷ ಅದನ್ನೇ ಹೊಡೆದು ಬಿಟ್ಟವನು. ಬಂದೂಕಿನ ಗುಂಡಿಗೆ ಕೋಟಿಂಗ್ ಹಾಕುವುದಕ್ಕೆ ಕಾರಣ ಇದೆ. ಅಲ್ಲಿ ಬೆಂಕಿ, ವೇಗ ಎರಡೂ ಜಾಸ್ತಿ, ಬರಿ ಸೀಸ ಬ್ಯಾರೆಲ್‌ಗೆ ಮೆತ್ತಿಕೊಳ್ಳುತ್ತದೆ. ನಮ್ಮ ಏರ್ ಪಿಸ್ತೂಲಿನಲ್ಲಿ ಪೆಲೆಟ್ ಹೋಗುವುದು ಸೆಕೆಂಡಿಗೆ ಸುಮಾರು 150 ಮೀಟರ್. ಬೆಂಕಿ ಇಲ್ಲವೇ ಇಲ್ಲ. ಇಲ್ಲಿ ಸೀಸದ ಮೆತ್ತನೆ ಗುಣವೇ ಬೇಕು. ಗಾಳಿ ಹಿಂದಿನಿಂದ ಒತ್ತಿದಾಗ ಪೆಲೆಟ್ಟಿನ ಸ್ಕರ್ಟ್ (ಹಿಂಬದಿಯ ತೆಳು ಟೊಳ್ಳು ಅಂಚು) ಅರಳಿ ಬ್ಯಾರೆಲ್ಲಿನ ಗೀರುಗಳನ್ನು ಕಚ್ಚಿ ಹಿಡಿಯಬೇಕು. ಮೇಲೆ ತಾಮ್ರ ಕೂತರೆ ಆ ಹಿಡಿತ ಕಮ್ಮಿ. ಲೇಪನ ಒಂದರ ಮೇಲೆ ಸ್ವಲ್ಪ ದಪ್ಪ, ಇನ್ನೊಂದರ ಮೇಲೆ ತೆಳು ಆದರೆ ತಲೆಯ ಅಳತೆಯೂ ಬದಲಾಗುತ್ತದೆ. ನೀವು 4.49, 4.50 ಅಂತ ಕೂದಲೆಳೆ ಲೆಕ್ಕ ಕೇಳುತ್ತಿದ್ದೀರಿ. ಆ ಲೆಕ್ಕವೇ ಅಲ್ಲಿ ಹಾಳು. ಮ್ಯಾಚ್ ನಿಯಮದಲ್ಲೂ ಪೆಲೆಟ್ ಸೀಸದ್ದು ಅಥವಾ ಅದರಂಥ ಮೆತ್ತನೆಯದ್ದೇ ಆಗಿರಬೇಕು. ಇವತ್ತು ಅಭ್ಯಾಸಕ್ಕೆ ಒಂದು, ನಾಳೆ ಪಂದ್ಯಕ್ಕೆ ಇನ್ನೊಂದು ಮಾಡಿಸಬೇಡಿ.

ಚಪ್ಪಟೆ ತಲೆಯದನ್ನೇ ತಗೊಳ್ಳಿ. ಕಾಗದದಲ್ಲಿ ದುಂಡಗೆ ತೂತು ಕೊರೆಯುತ್ತದೆ, ಎಣಿಸುವಾಗ ಜಗಳ ಇರುವುದಿಲ್ಲ. ತೂಕ ಪಿಸ್ತೂಲಿಗೆ 0.45ರಿಂದ 0.49 ಗ್ರಾಂ ಸಾಕು. ಆರ್‌ಡಬ್ಲ್ಯುಎಸ್ ಕಂಪನಿಯ ಆರ್10 ಪಿಸ್ತೂಲು ಪೆಲೆಟ್ 0.45, ಎಚ್ ಅಂಡ್ ಎನ್ ಕಂಪನಿಯ ಫಿನಾಲೆ ಮ್ಯಾಚ್ ಪಿಸ್ತೂಲು ಪೆಲೆಟ್ 0.49. ಎರಡೂ ಬರಿ ಸೀಸ. 0.53 ಗ್ರಾಮಿನವು ರೈಫಲ್‌ನವರಿಗೆ.

ಅಳತೆ ಯಾವುದು ಎನ್ನುವುದನ್ನು ನಿಮ್ಮ ಪಿಸ್ತೂಲಿನ ಬ್ಯಾರೆಲ್ಲೇ ಹೇಳಬೇಕು. ಮೂರು ಅಳತೆಯದೂ ಒಂದೊಂದು ಟಿನ್ ತನ್ನಿ. ಮೇಜಿನ ಮೇಲೆ ಮರಳಿನ ಚೀಲ ಇಟ್ಟು ಅದರ ಮೇಲೆ ಕೈ ಊರಿಸಿ ಹೊಡೆಸಿ. ಹೊಸ ಟಿನ್ ತೆರೆದಾಗ ಮೊದಲ 20 ಹೊಡೆತ ಲೆಕ್ಕಕ್ಕೆ ಬೇಡ. ಆಮೇಲೆ ಐದೈದು ಹೊಡೆತದ ಐದು ಗ್ರೂಪು (ಒಂದೇ ಗುರಿಗೆ ಹೊಡೆದ ತೂತುಗಳ ಗುಂಪು). ಆಚೆ ಅಂಚಿನಿಂದ ಆಚೆ ಅಂಚಿಗೆ ಸ್ಕೇಲ್ ಹಿಡಿದು ಅಳೆದು ಬರೆದಿಡಿ. ಒಂದೇ ಒಂದು ಚೆಂದದ ಗ್ರೂಪ್ ನೋಡಿ ಮರುಳಾಗಬೇಡಿ, ಐದೂ ನೋಡಿ. ಗೆದ್ದ ಟಿನ್ನಿನ ಲಾಟ್ ನಂಬರ್ ನೋಡಿಕೊಂಡು ಅದೇ ಲಾಟಿನದನ್ನು ವರ್ಷಕ್ಕೆ ಸಾಕಾಗುವಷ್ಟು ತರಿಸಿ. ಲಾಟ್ ಬದಲಾದರೆ ಮತ್ತೆ ಹೀಗೆಯೇ ಹೊಡೆದು ನೋಡಬೇಕು.

ಸಕಲೇಶಪುರದ ಅಮ್ಮ:
ಅಣ್ಣ, ಮೇಲಿನವರು ಹೇಳಿದ್ದು ಸರಿ. ಆದರೆ ಆ ಬಿಳಿ ಪುಡಿಯ ಬಗ್ಗೆ ಯಾರೂ ಹೇಳಲಿಲ್ಲ, ನನಗೆ ಅದೇ ಭಯ. ಅದು ಸೀಸದ ಪುಡಿ, ವಿಷ. ಊದಬೇಡಿ, ಬಟ್ಟೆಯಲ್ಲಿ ಉಜ್ಜಿ ಮತ್ತೆ ಬಳಸಲೂ ಬೇಡಿ. ಆ ಟಿನ್‌ಗಳನ್ನು ಬಿಟ್ಟುಬಿಡಿ, ದುಡ್ಡು ಹೋದರೆ ಹೋಗಲಿ. ನನ್ನ ಮಗ ಪೆಲೆಟ್ ತುಟಿಯಲ್ಲಿ ಕಚ್ಚಿಕೊಂಡು ಲೋಡ್ ಮಾಡುತ್ತಿದ್ದ. ಒಂದು ದಿನ ನೋಡಿ ಎದೆ ಧಸಕ್ ಅಂತು. ಈಗ ಹೊಡೆದಾದ ಮೇಲೆ ಸೋಪು ಹಾಕಿ ಕೈ ತೊಳೆಯದೆ ತಿಂಡಿ ಕೊಡುವುದಿಲ್ಲ. ಗೋಡೌನು ಪೊರಕೆಯಲ್ಲಿ ಗುಡಿಸಬೇಡಿ, ಒದ್ದೆ ಬಟ್ಟೆಯಲ್ಲಿ ಒರೆಸಿ. ಮುಂದೆ ಅಲ್ಲಿ ಕಾಫಿ ಇಡುವ ಯೋಚನೆ ಇದ್ದರೆ ಬೇರೆ ಜಾಗ ನೋಡಿ.

ಟಿನ್ ಎಲ್ಲಿ ಇಟ್ಟಿದ್ದಿರಿ? ನಾವು ಮರದ ಬೀರುವಿನಲ್ಲಿ ಇಟ್ಟು ಕೆಟ್ಟೆವು. ಮರದಿಂದ, ಪ್ಲೈವುಡ್‌ನಿಂದ ಬರುವ ಹುಳಿ ಆವಿಗೆ ಸೀಸ ಬೇಗ ಬೆಳ್ಳಗಾಗುತ್ತದೆ. ನಮ್ಮ ಮಳೆ ಬೇರೆ. ಈಗ ರಬ್ಬರ್ ಅಂಚಿನ ಬಿಗಿ ಸ್ಟೀಲ್ ಡಬ್ಬಿ, ಒಳಗೆ ನಾಲ್ಕು ಸಿಲಿಕಾ ಜೆಲ್ ಪೊಟ್ಟಣ. ಎರಡು ಮಳೆಗಾಲ ಕಳೆಯಿತು, ಪೆಲೆಟ್ ಇನ್ನೂ ಹೊಳೆಯುತ್ತಿವೆ. ಒಂದು ದಿನಕ್ಕೆ ಬೇಕಾದಷ್ಟನ್ನೇ ಹೊರಗೆ ತೆಗೆಯುತ್ತೇವೆ.

ಮೂಡಿಗೆರೆ ತೋಟ:
ಅಕ್ಕ, ನೀವು ಕೇಳಿದ್ದು ಸರಿ. ಇಟ್ಟಿದ್ದದ್ದು ಹೊಸದಾಗಿ ಮಾಡಿಸಿದ ಪ್ಲೈವುಡ್ ಕಪಾಟಿನಲ್ಲೇ. ಸೀಲ್ ಒಡೆಯದ ಮೂರು ಟಿನ್ ಚೆನ್ನಾಗಿವೆ, ಸ್ಟೀಲ್ ಡಬ್ಬಿಗೆ ಹಾಕಿದೆ.

ಹಾಸನದ ಸಾರ್, ನಿನ್ನೆ ಭಾನುವಾರ ಮರಳಿನ ಚೀಲದ ಮೇಲೆ ಹೊಡೆಸಿದೆ. ಬೆಳ್ಳಗಾದ ಟಿನ್ನಿನ ಐದು ಗ್ರೂಪು ಮೊದಲೇ ಹೊಡೆಸಿ ಇಟ್ಟಿದ್ದೆ, ಅಳೆದರೆ 19ರಿಂದ 26 ಮಿ.ಮೀ. ಸೀಲ್ ಟಿನ್ನಿನದು 4.50, ಅದು 10ರಿಂದ 12. ಎರಡೂ ಹಾಳೆ ಪಕ್ಕಪಕ್ಕ ಇಟ್ಟು ತೋರಿಸಿದೆ. ಬಹಳ ಹೊತ್ತು ನೋಡುತ್ತಾ ಕೂತಳು. ಆಮೇಲೆ ಪಿಸ್ತೂಲು ತಗೊಂಡು ಎದ್ದು ನಿಂತು ಹೊಡೆದಳು. 4.49, 4.51 ತರಿಸಲು ಹೇಳಿದ್ದೇನೆ. ಬಂದ ಮೇಲೆ ಅಳತೆ ಬರೆಯುತ್ತೇನೆ.