ಗಾಲ್ಫಿನ ಡೌನ್‌ಸ್ವಿಂಗ್‌ನಲ್ಲಿ (ಕ್ಲಬ್, ಅಂದರೆ ಹೊಡೆಯುವ ಕೋಲು, ಮೇಲಿಂದ ಚೆಂಡಿಗೆ ಇಳಿಯುವಾಗ) ಟೊಂಕ ಮೊದಲು ತಿರುಗಬೇಕೋ, ಸರಿಯಬೇಕೋ?

ಉದ್ಯಮಬಾಗ್ ಲೇಥ್:

ನಮಸ್ಕಾರ್ರೀ ಎಲ್ಲರಿಗೂ. ನಾನು ಬೆಳಗಾವಿಯವನು. ಉದ್ಯಮಬಾಗದಲ್ಲಿ ಸಣ್ಣ ಮಷಿನ್ ಶಾಪ್ ಇದೆ. ಎರಡು ಲೇಥು, ಒಂದು ಮಿಲ್ಲಿಂಗು. ವಯಸ್ಸು 52. ಬೆಂಗಳೂರಿನಲ್ಲಿರುವ ಮಗ ದೀಪಾವಳಿಗೆ ಬಂದಾಗ ತನ್ನ ಹಳೇ ಗಾಲ್ಫ್ ಕಿಟ್ ಇಲ್ಲೇ ಬಿಟ್ಟು ಹೋದ. ಸುಮ್ನೆ ಬಿದ್ದಿದೆಯಲ್ಲಾ ಅಂತ ಎತ್ತಿಕೊಂಡೆ, ಹುಚ್ಚು ಹಿಡಿಯಿತು. ಟಿಳಕವಾಡಿಯ ಮನೆಯ ಮಾಳಿಗೆ ಮೇಲೆ ಕ್ರಿಕೆಟ್ ನೆಟ್ ಕಟ್ಟಿ, ಕೆಳಗೆ ತೆಂಗಿನ ನಾರಿನ ಮ್ಯಾಟ್ ಹಾಸಿ ದಿನಾ ಬೆಳಿಗ್ಗೆ ನಲವತ್ತು ಚೆಂಡು ಹೊಡೆಯುತ್ತೇನೆ. ಬೆಂಗಳೂರಿಗೆ ಹೋದಾಗ ಮಾತ್ರ ರೇಂಜು, ಅಂದರೆ ಗಾಲ್ಫ್ ತಾಲೀಮಿನ ಮೈದಾನ.

ತೊಂದರೆ ಇಷ್ಟು. ಏಳನೇ ನಂಬರ್ ಐರನ್ (ಚಪ್ಪಟೆ ಲೋಹದ ತಲೆಯ ಕ್ಲಬ್) ಹಿಡಿದರೆ ಒಂದೋ ಚೆಂಡಿಗಿಂತ ನಾಲ್ಕು ಬೆರಳು ಹಿಂದೆ ನೆಲಕ್ಕೆ ಬಡಿಯುತ್ತದೆ, ಇಲ್ಲಾ ಚೆಂಡಿನ ನೆತ್ತಿ ಸವರಿ ಹೋಗುತ್ತದೆ. ನಡುವಿನದು ಹತ್ತಕ್ಕೆ ಎರಡು. ಡ್ರೈವರ್ (ದೂರ ಹೊಡೆಯುವ ಉದ್ದನೆ ಕ್ಲಬ್) ಹಿಡಿದರೆ ಚೆಂಡು ಬಾಳೆಹಣ್ಣಿನ ಹಾಗೆ ಬಲಕ್ಕೆ ಬಾಗುತ್ತದೆ. ಇದನ್ನು ರೇಂಜಿನಲ್ಲಿ ನೋಡಿದ ಮಗ, 'ಅಪ್ಪಾ, ನೀವು ಬರೀ ಕೈಯಿಂದ ಹೊಡೀತೀರಿ, ಟೊಂಕ ತಿರುಗಿಸ್ರಿ' ಅಂದ. ಸರಿ ಅಂತ ಎರಡು ತಿಂಗಳಿಂದ ಟೊಂಕ ತಿರುಗಿಸುತ್ತಲೇ ಇದ್ದೇನೆ. ಹೊಡೆತ ಇನ್ನೂ ಕೆಟ್ಟಿತು. ಈಗ ಬೆನ್ನಿನ ಕೆಳಗೆ ಬಲಗಡೆ ನೋವು ಬೇರೆ.

ನಾನು ಅಳತೆ ಇಲ್ಲದೆ ಏನನ್ನೂ ನಂಬುವವನಲ್ಲ. ನೀರಿನ ಟಾಕಿ ಮೇಲೆ ಮೊಬೈಲ್ ಇಟ್ಟು ಹಿಂದಿನಿಂದ, ಅಂದರೆ ಚೆಂಡು ಹೋಗುವ ಗೆರೆಗೆ ನೇರವಾಗಿ, ನಿಧಾನಗತಿಯ ವಿಡಿಯೋ ತೆಗೆದೆ. ನಿಂತಾಗ ಕುಂಡಿ ಎಲ್ಲಿದೆಯೋ ಅಲ್ಲಿಗೆ ಮೊಬೈಲ್ ಗಾಜಿನ ಮೇಲೆ ಒಂದು ದಾರ ಅಂಟಿಸಿದೆ. ಕ್ಲಬ್ ಮೇಲೆ ಹೋಗುವವರೆಗೆ ಎಲ್ಲ ಸರಿ. ಕೆಳಗೆ ಬರುವಾಗ ಕುಂಡಿ ದಾರ ಬಿಟ್ಟು ಚೆಂಡಿನ ಕಡೆ ಮೂರು-ನಾಲ್ಕು ಇಂಚು ಬಂದಿದೆ. ಮೊಣಕಾಲು ಎರಡೂ ನೆಟ್ಟಗಾಗಿ ನಾನು ಎದ್ದು ನಿಂತಿದ್ದೇನೆ. ಬಲ ಹಿಮ್ಮಡಿ ಆಗಲೇ ಗಾಳಿಯಲ್ಲಿ.

ನೋಡಿದ ವಿಡಿಯೋಗಳಲ್ಲಿ ಒಬ್ಬ ಟೊಂಕ ತಿರುಗಿಸು ಅನ್ನುತ್ತಾನೆ, ಒಬ್ಬ ಎಡಕ್ಕೆ ಸರಿಸು ಅನ್ನುತ್ತಾನೆ, ಮತ್ತೊಬ್ಬ ನೆಲ ಒತ್ತು ಅನ್ನುತ್ತಾನೆ. ನನ್ನ ತಲೆಯಲ್ಲಿ ಮೈ ಅಂದರೆ ಲೇಥಿನ ಚಕ್‌ಗೆ ಕಟ್ಟಿದ ಜಾಬ್ (ಕಡೆಯಬೇಕಾದ ಲೋಹದ ತುಂಡು) ಇದ್ದ ಹಾಗೆ. ಒಂದು ಸೆಂಟರ್, ಅದರ ಸುತ್ತ ತಿರುಗಬೇಕು ಅಷ್ಟೇ. ಇದರಲ್ಲಿ ಎಲ್ಲಿ ತಪ್ಪುತ್ತಿದ್ದೇನೆ, ಯಾರಾದರೂ ಬಿಡಿಸಿ ಹೇಳ್ತೀರಾ? ಬಲಗೈ ಆಟ.

ಮೂರನೇ ಗೇಟ್:

ಸರ್, ಮೊದಲು ಮಾಳಿಗೆ ಒಣಗಿದೆಯಾ ನೋಡಿ. ನಮ್ಮ ಊರಿನ ಮಳೆಗೆ ಜುಲೈನಲ್ಲಿ ಮಾಳಿಗೆ ಮೇಲೆ ಪಾಚಿ ಕಟ್ಟಿರುತ್ತದೆ, ಟೊಂಕ ತಿರುಗಿಸಿದರೆ ಟೊಂಕವೇ ಹೋಗುತ್ತದೆ. ಅದು ಬಿಟ್ಟು ಹೇಳುವುದಾದರೆ, ಕಾಲು-ಟೊಂಕ ಎಲ್ಲ ಮರೆತು ಚೆಂಡು ನೋಡಿ ಹೊಡೆಯಿರಿ. ವಿಚಾರ ಮಾಡಿದಷ್ಟೂ ಕೆಡುತ್ತದೆ.

ಹಳೇ ಕ್ಯಾಡಿ:

ಲೇಥ್ ಸಾಹೇಬ್ರೇ, ನಾನು ಚಿಕ್ಕೋಡಿ ಕಡೆಯವನು. ಹುಡುಗ ಇದ್ದಾಗ ಬೆಂಗಳೂರಿಗೆ ಹೋಗಿ ಹನ್ನೊಂದು ವರ್ಷ ಕ್ಯಾಡಿ ಕೆಲಸ (ಆಟಗಾರರ ಗಾಲ್ಫ್ ಚೀಲ ಹೊರುವುದು) ಮಾಡಿದೆ. ಪುಸ್ತಕ ಓದಿದವನಲ್ಲ, ಜನರ ಬೂಟು ನೋಡಿ ಕಲಿತವನು. ಮಳೆ ಬಂದ ಮರುದಿನ ಟೀ (ಮೊದಲ ಹೊಡೆತ ಹೊಡೆಯುವ ಜಾಗ) ಹತ್ತಿರದ ಹಸಿ ನೆಲ ನೋಡಿದರೆ ಆಟ ಗೊತ್ತಾಗುತ್ತಿತ್ತು. ಚೆನ್ನಾಗಿ ಆಡುವವರ ಎಡ ಬೂಟಿನ ಹೊರ ಅಂಚು ಒಳ್ಳೆ ಆಳಕ್ಕೆ ಇಳಿದಿರುತ್ತಿತ್ತು. ಬಲ ಬೂಟಿನದು ಬರೀ ತುದಿಯ ಗುರುತು. ನಿಮ್ಮಂಥವರದ್ದು ಉಲ್ಟಾ. ಬಲಗಾಲ ಬೆರಳ ಹತ್ತಿರ ಗಿರಕಿ ಹೊಡೆದ ತಗ್ಗು, ಎಡಗಾಲಿನ ಗುರುತೇ ಇಲ್ಲ.

ನಿಮ್ಮ ತಪ್ಪು ಟೊಂಕ ತಿರುಗಿಸುವುದಲ್ಲ. ಬಲಗಾಲ ಮೇಲೆ ನಿಂತುಕೊಂಡೇ ತಿರುಗಿಸುತ್ತೀರಿ, ಅದು ತಪ್ಪು. ಭಾರ ಇನ್ನೂ ಬಲಗಡೆ ಇರುವಾಗ ತಿರುಗಿದರೆ ಬಲ ಟೊಂಕಕ್ಕೆ ಹೋಗಲು ಜಾಗ ಎಲ್ಲಿದೆ? ಚೆಂಡಿನ ಕಡೆಗೇ ನುಗ್ಗುತ್ತದೆ. ಅದು ನುಗ್ಗಿದರೆ ಕೈಗೆ ದಾರಿ ಮುಚ್ಚಿತು. ಆಗ ಮೈ ತಾನಾಗಿ ಮೇಲೇಳುತ್ತದೆ. ಹಿಂದೆ ಬಡಿಯುವುದು, ನೆತ್ತಿ ಸವರುವುದು ಎರಡೂ ಒಂದೇ ರೋಗ.

ಕ್ರಮ ಕೇಳಿ. ಕ್ಲಬ್ ಹಿಂದಕ್ಕೆ ಒಯ್ಯುವಾಗ ಬಲಗಾಲಿನ ಒಳಮಗ್ಗುಲು ಭಾರ ಹಿಡಿಯಬೇಕು, ಬಲ ಟೊಂಕ ಹಿಂದಕ್ಕೆ ಹೋಗಬೇಕು. ಪಕ್ಕಕ್ಕಲ್ಲ, ಹಿಂದಕ್ಕೆ. ಭುಜ ಸುಮಾರು 90 ಡಿಗ್ರಿ ತಿರುಗಿದರೆ ಟೊಂಕ ಅದರ ಅರ್ಧ, 45ರ ಹತ್ತಿರ. ಬಲ ಮೊಣಕಾಲು ಸ್ವಲ್ಪ ನೆಟ್ಟಗಾದರೆ ಆಗಲಿ ಬಿಡಿ, ಅದನ್ನು ಮಡಚಿಯೇ ಹಿಡಿಯಬೇಕು ಅಂತ ಹಠ ಹಿಡಿದರೆ ಟೊಂಕ ತಿರುಗುವುದಿಲ್ಲ. ಮುಖ್ಯವಾದದ್ದು ಇದು: ಕೈ ಇನ್ನೂ ಮೇಲೆ ಹೋಗುತ್ತಿರುವಾಗಲೇ ಎಡಗಾಲು ನೆಲ ಒತ್ತಲು ಶುರು ಮಾಡಬೇಕು. ಮೇಲೆ ಹೋಗಿ ನಿಂತು, ಆಮೇಲೆ ಸರಿಸೋಣ ಅಂದರೆ ಹೊತ್ತು ಮೀರಿತು. ಮೇಲಿಂದ ಚೆಂಡಿನವರೆಗೆ ಇರುವುದು ಕಾಲು ಸೆಕೆಂಡು.

ಎತ್ತಿನ ಗಾಡಿ ಹೊಡೆದಿದ್ದೀರಾ? ಬಾರಕೋಲು ಬೀಸುವಾಗ ಕೈ ಮುಂದೆ ಹೋಗಿ ತಡೆಯುತ್ತದೆ, ಆಮೇಲೆ ಬಾರು ಹೋಗಿ ಚಟ್ ಅನ್ನುತ್ತದೆ. ಇಲ್ಲೂ ಹಾಗೇ. ಮೊದಲು ಟೊಂಕ, ಆಮೇಲೆ ಎದೆ, ಆಮೇಲೆ ಕೈ, ಕೊನೆಗೆ ಕ್ಲಬ್. ಹಿಂದಿನದು ನಿಧಾನ ಆದಾಗ ಮುಂದಿನದಕ್ಕೆ ವೇಗ.

ಒಂದು ತಾಲೀಮು ಹೇಳುತ್ತೇನೆ. ಜಾಕ್ ನಿಕ್ಲಾಸ್ ಗೊತ್ತಲ್ಲ, 18 ಮೇಜರ್ (ಗಾಲ್ಫಿನ ಅತಿ ದೊಡ್ಡ ಟೂರ್ನಿಗಳು) ಗೆದ್ದವರು. ಅವರು ಹಿಂದಕ್ಕೆ ಒಯ್ಯುವಾಗ ಎಡ ಹಿಮ್ಮಡಿ ಎತ್ತುತ್ತಿದ್ದರು, ಇಳಿಸುವುದರಿಂದಲೇ ಡೌನ್‌ಸ್ವಿಂಗ್ ಶುರು. ನೀವೂ ಹಾಗೆ ಎತ್ತಿ. ಹಿಮ್ಮಡಿ ಕೆಳಗೆ ಕುರುಕಲು ಚಿಪ್ಸಿನ ಖಾಲಿ ಪಾಕೀಟು ಇಡಿ. ಅದು ಕರ್ ಅಂದ ಮೇಲೆಯೇ ಕೈ ಕೆಳಗೆ ಬರಬೇಕು. ಅರ್ಧ ಜೋರಿನಲ್ಲಿ ಮಾಡಿ.

ತಾಲೀಮು ಹುಡುಗ:

ಗಾಲ್ಫ್ ನನಗೆ ಗೊತ್ತಿಲ್ಲ ಅಣ್ಣಾ, ಕುಸ್ತಿ ಗೊತ್ತು. ಢಾಕ (ಎದುರಾಳಿಯನ್ನು ಟೊಂಕದ ಮೇಲೆ ಎತ್ತಿ ಒಗೆಯುವ ಪಟ್ಟು) ಹಾಕುವಾಗ ನಮ್ಮ ವಸ್ತಾದರು ಬಯ್ಯುವುದೂ ಇದೇ ಮಾತಿಗೆ. ಕಾಲು ಊರುವ ಮೊದಲು ಟೊಂಕ ತಿರುಗಿಸಿದರೆ ಎದುರಾಳಿ ಏಳುವುದಿಲ್ಲ, ನಾವೇ ಮಣ್ಣಿಗೆ ಬೀಳುತ್ತೇವೆ. ಮೊದಲು ಪಾದ, ಆಮೇಲೆ ಮೊಣಕಾಲು ಮಡಚಿ ಕುಳಿತಂಗೆ ಆಗುವುದು, ಆಮೇಲೆ ಟೊಂಕ ಒಳಗೆ. ಕೊನೆಗೆ ಕಾಲು ನೆಟ್ಟಗೆ ಮಾಡಿ ಎತ್ತುವುದು. ನೀವು ಆ ಕುಳಿತುಕೊಳ್ಳುವುದನ್ನೇ ಬಿಟ್ಟಿದ್ದೀರಿ ಅನ್ನಿಸುತ್ತದೆ.

ಆದರೆ ಹಿಮ್ಮಡಿ ಎತ್ತುವುದು ನನಗೆ ಒಪ್ಪಿಗೆ ಇಲ್ಲ ಕಾಕಾ. ಹೊಸಬ ಎತ್ತಿದರೆ ಎಲ್ಲಿ ಇಳಿಸುತ್ತಾನೋ ದೇವರಿಗೇ ಗೊತ್ತು.

ಹಳೇ ಕ್ಯಾಡಿ:

ತಮ್ಮಾ, ಕುಳಿತಂಗೆ ಆಗುವುದು ಅಂದೆಯಲ್ಲ, ಅದು ಬೇಷ್. ಹಿಮ್ಮಡಿ ಎತ್ತುವುದು ಕಲಿಯುವವರೆಗೆ ಮಾತ್ರ. ಆಮೇಲೆ ಎತ್ತಲಿ ಬಿಡಲಿ, ಒತ್ತುವುದು ಉಳಿದರೆ ಸಾಕು. ಆದರೆ ಎತ್ತಿದಲ್ಲೇ ಇಳಿಸಬೇಕು, ಅದು ಖರೆ.

ಗೋಕಾಕದ ಫಿಸಿಯೊ:

ಬೆನ್ನು ನೋವು ಅಂದಿರಲ್ಲ, ಅದಕ್ಕೇ ಬರೆಯುತ್ತಿದ್ದೇನೆ. ನೋವು ಕಾಲಿಗೆ ಇಳಿಯುತ್ತಿದ್ದರೆ, ಜೋಮು ಹಿಡಿಯುತ್ತಿದ್ದರೆ ಮೊದಲು ಡಾಕ್ಟರಿಗೆ ತೋರಿಸಿ, ಕ್ಲಬ್ ಮುಟ್ಟಬೇಡಿ. ಬರೀ ಹಿಡಿದುಕೊಂಡಂತೆ ಇದ್ದರೆ ಮುಂದೆ ಓದಿ.

ಸೊಂಟದ ಹತ್ತಿರ ಬೆನ್ನೆಲುಬಿನ ಐದು ಮಣಿಗಳಿವೆ. ಅವು ಮುಂದೆ-ಹಿಂದೆ ಬಾಗಲು ಚೆನ್ನ, ತಿರುಗಲು ಅಲ್ಲ. ಐದೂ ಸೇರಿ ಒಂದು ಕಡೆಗೆ ತಿರುಗುವುದು 10–15 ಡಿಗ್ರಿ ಇದ್ದರೆ ಹೆಚ್ಚು. ನಾವು 'ಸೊಂಟ ತಿರುಗಿಸಿದೆ' ಅನ್ನುವಾಗ ನಿಜವಾಗಿ ತಿರುಗುವುದು ತೊಡೆ ಎಲುಬಿನ ಗುಂಡು ತಲೆ ಕೂರುವ ಕೀಲು. ಅಲ್ಲಿ ತಿರುಗಲಿಲ್ಲ ಅಂದರೆ ಆ ಕೆಲಸ ಬೆನ್ನಿನ ಮೇಲೆ ಬೀಳುತ್ತದೆ. ಬಲಗೈ ಆಟಗಾರ ಚೆಂಡಿನ ಕಡೆ ನುಗ್ಗಿ ಬಲಕ್ಕೆ ವಾಲಿ ಹೊಡೆದರೆ ಬೆನ್ನಿನ ಬಲ ಕೆಳಭಾಗ ಒತ್ತಿಕೊಳ್ಳುತ್ತದೆ. ನಿಮ್ಮ ನೋವಿನ ಜಾಗಕ್ಕೂ ಇದಕ್ಕೂ ತಾಳೆ ಆಗುತ್ತದೆ.

ಮನೆಯಲ್ಲೇ ಒಂದು ಪರೀಕ್ಷೆ ಮಾಡಿ. ಕುರ್ಚಿ ಮೇಲೆ ಕುಳಿತು ಮೊಣಕಾಲು ಎರಡೂ ಜೋಡಿಸಿ. ಮೊಣಕಾಲು ಅಲುಗಿಸದೆ ಎಡ ಪಾದವನ್ನು ಹೊರಗೆ, ಎಡಕ್ಕೆ, ಎತ್ತಿ. ಎಷ್ಟು ಹೋಗುತ್ತದೋ ಅಷ್ಟು ನಿಮ್ಮ ಎಡ ಕೀಲು ಒಳಕ್ಕೆ ತಿರುಗುತ್ತದೆ. ಬಲಕ್ಕೂ ಹಾಗೇ ನೋಡಿ. ಸಾಮಾನ್ಯವಾಗಿ 35ರಿಂದ 45 ಡಿಗ್ರಿ ಬರಬೇಕು. ಚೆಂಡಿಗೆ ಹೊಡೆದು ಮುಂದೆ ಹೋಗುವಾಗ ನಿಮ್ಮ ಮೈ ಪೂರ್ತಿ ಎಡಗಾಲ ಮೇಲೆ ತಿರುಗುತ್ತದೆ, ಅಲ್ಲಿ ಬೇಕಾಗುವುದು ಇದೇ ತಿರುವು. ಅದು ಕಡಿಮೆ ಇದ್ದರೆ ಯಾರ ಮಾತು ಕೇಳಿದರೂ ನಿಮ್ಮ ಸೊಂಟ ನಡುವೆ ಸಿಕ್ಕಿಕೊಂಡು ಮುಂದಕ್ಕೆ ತಳ್ಳುತ್ತದೆ. ಉಪಾಯ ಸುಲಭ. ನಿಲ್ಲುವಾಗಲೇ ಎಡ ಪಾದದ ತುದಿಯನ್ನು 20–30 ಡಿಗ್ರಿ ಹೊರಕ್ಕೆ ತೆರೆದು ನಿಲ್ಲಿ.

ಎಡಗಾಲು ಒತ್ತಿ ನೆಟ್ಟಗೆ ಮಾಡುವುದರಿಂದ ಎಡ ಸೊಂಟ ಮೇಲಕ್ಕೆ, ಹಿಂದಕ್ಕೆ ಹೋಗುತ್ತದೆ, ವೇಗ ಬರುತ್ತದೆ, ಸರಿ. ಆದರೆ ಝಾಡಿಸಿ ಲಾಕ್ ಮಾಡಬೇಡಿ. ಟೈಗರ್ ವುಡ್ಸ್ 2008ರ ಯುಎಸ್ ಓಪನ್ ಗೆದ್ದಾಗ ಅವರ ಎಡ ಮೊಣಕಾಲಿನ ಲಿಗಮೆಂಟ್ ಹರಿದಿತ್ತು, ಎಡಗಾಲಿನ ಎಲುಬಿನಲ್ಲಿ ಬಿರುಕು ಇತ್ತು. ಅದು 32ರ ವಯಸ್ಸಿನ ಗಟ್ಟಿ ಕಾಲು. ನಿಮಗೆ 52.

ಮೂರನೇ ಗೇಟ್:

ಅಂದರೆ ನಾನು ಹೇಳಿದ್ದು ತಪ್ಪು ಅಂತಾಯಿತು. ಆಗಲಿ ಬಿಡಿ. ಕುರ್ಚಿ ಪರೀಕ್ಷೆ ನಾನೂ ಮಾಡಿದೆ, ಎಡ ಪಾದ ಹೊರಗೆ ಹೋಗುವುದೇ ಇಲ್ಲ. ಮನೆಯವಳು ನೋಡಿ 'ಏನಾಯ್ತ್ರೀ?' ಅಂದಳು.

ಉದ್ಯಮಬಾಗ್ ಲೇಥ್:

ಎಲ್ಲರಿಗೂ ಶರಣು. ಮೂರು ವಾರ ಬಿಟ್ಟು ಬರೆಯುತ್ತಿದ್ದೇನೆ, ಸುಮ್ನೆ ಥ್ಯಾಂಕ್ಸ್ ಹೇಳಿ ಹೋಗುವ ಮನಸ್ಸಿರಲಿಲ್ಲ.

ಮೊದಲು ಕುರ್ಚಿ. ಶಾಪಿನಿಂದ ಕೋನ ಅಳೆಯುವ ಬೆವೆಲ್ ಪ್ರೊಟ್ರ್ಯಾಕ್ಟರ್ ತಂದು ಹೆಂಡತಿ ಕೈಗೆ ಕೊಟ್ಟೆ. ಬಲ 38 ಡಿಗ್ರಿ, ಎಡ 22. ಎರಡು ಸಲ ಅಳೆಸಿದೆ, ಅಷ್ಟೇ ಬಂತು. ಮೂವತ್ತು ವರ್ಷ ಲೇಥ್ ಮುಂದೆ ಎಡಗಾಲ ಮೇಲೆ ಜೋತು ನಿಂತದ್ದಕ್ಕೋ ಏನೋ. ಎಡ ಪಾದ ತೆರೆದು ನಿಂತೆ. ಮೊದಲ ದಿನವೇ ಬೆನ್ನಿಗೆ ಆರಾಮ ಅನ್ನಿಸಿತು. ಅಕ್ಕಾ, ಕಾಲಿಗೆ ಇಳಿಯುವ ನೋವು ಇರಲಿಲ್ಲ. ಆದರೂ ಒಂದು ವಾರ ಚೆಂಡು ಮುಟ್ಟಲಿಲ್ಲ.

ಕಾಕಾ, ಚಿಪ್ಸ್ ಪಾಕೀಟಿನ ತಾಲೀಮು ಮಾಡಿದೆ. ಮೊದಲ ನಾಲ್ಕು ದಿನ ಕರ್ ಅನ್ನುವ ಸದ್ದೂ ಚೆಂಡಿನ ಸದ್ದೂ ಒಟ್ಟಿಗೇ ಬರುತ್ತಿದ್ದವು. ಅಂದರೆ ನಾನು ಎಷ್ಟು ತಡ ಮಾಡುತ್ತಿದ್ದೆ ನೋಡಿ. ಐದನೇ ದಿನ ಎರಡೂ ಬೇರೆ ಬೇರೆ ಕೇಳಿದವು. ಹಿಂದೆ ಪ್ಲಾಸ್ಟಿಕ್ ಕುರ್ಚಿ ಇಟ್ಟು ಬೆನ್ನೊರಗಿಗೆ ಕುಂಡಿ ತಾಗಿಸಿ ನಿಲ್ಲುವುದನ್ನು ನಾನೇ ಸೇರಿಸಿಕೊಂಡೆ. ಹಿಂದಕ್ಕೆ ಒಯ್ಯುವಾಗ ಬಲಗಡೆ ತಾಗಿರಬೇಕು, ಹೊಡೆಯುವಾಗ ಎಡಗಡೆ ತಾಗಬೇಕು. ನಡುವೆ ಒಂದು ಚಣ ಎರಡೂ ತಾಗುತ್ತವೆ. ತಾಲೀಮು ಹುಡುಗ ಹೇಳಿದ 'ಕುಳಿತಂಗೆ ಆಗುವುದು' ಅದೇ ಚಣ.

ಆ ಕುರ್ಚಿಯಲ್ಲೇ ನನ್ನ ತಪ್ಪು ಸಿಕ್ಕಿತು. ಮೈ ಅಂದರೆ ಒಂದೇ ಸೆಂಟರಿನ ಜಾಬ್ ಅಂದುಕೊಂಡಿದ್ದೆ ನೋಡಿ, ಅದು ಪ್ಲೇನ್ ಶಾಫ್ಟ್ ತಿರುವುವವನ ಬುದ್ಧಿ. ನಮ್ಮಲ್ಲಿ ಕಂಪ್ರೆಸರ್ ಕ್ರ್ಯಾಂಕ್‌ಶಾಫ್ಟ್ ಬರುತ್ತವೆ. ಮೇನ್ ಜರ್ನಲ್ (ಶಾಫ್ಟಿನ ನಡುಗೆರೆಯ ಭಾಗ) ಟರ್ನಿಂಗ್ ಮಾಡುವಾಗ ಒಂದು ಸೆಂಟರ್. ಪಿನ್ (ಆ ಗೆರೆಯಿಂದ ಬದಿಗೆ ಸರಿದ ಭಾಗ) ಮಾಡಬೇಕಾದರೆ ಜಾಬ್ ಬಿಚ್ಚಿ ಇನ್ನೊಂದು ಸೆಂಟರಿಗೆ ಕಟ್ಟಬೇಕು. ಹಳೇ ಸೆಂಟರಿನಲ್ಲೇ ಎಷ್ಟು ತಿರುಗಿಸಿದರೂ ಪಿನ್ ಬರುವುದಿಲ್ಲ, ಟೂಲ್ ಮುರಿಯುತ್ತದೆ. ಇಲ್ಲೂ ಹಾಗೇ. ಹೋಗುವಾಗ ಬಲ ಕೀಲು ಸೆಂಟರ್, ಬರುವಾಗ ಎಡ ಕೀಲು. ಸರಿಸು ಅನ್ನುವವನು ಸೆಂಟರ್ ಬದಲಿಸು ಅನ್ನುತ್ತಿದ್ದ. ತಿರುಗಿಸು ಅನ್ನುವವನು ಬದಲಿಸಿದ ಮೇಲಿನ ಮಾತು ಹೇಳುತ್ತಿದ್ದ. ಇಬ್ಬರೂ ಅದನ್ನು ಬಿಡಿಸಿ ಹೇಳಲಿಲ್ಲ, ನಾನು ಹಳೇ ಸೆಂಟರಿನಲ್ಲೇ ಸ್ಪೀಡ್ ಏರಿಸುತ್ತಾ ಹೋದೆ.

ನಿನ್ನೆ ಮತ್ತೆ ವಿಡಿಯೋ ತೆಗೆದೆ. ದಾರದಿಂದ ಕುಂಡಿ ಬಿಟ್ಟದ್ದು ಒಂದು ಇಂಚು ಇರಬಹುದು. ಹತ್ತರಲ್ಲಿ ಆರು ಸಲ ಚೆಂಡು ಮೊದಲು, ಮ್ಯಾಟ್ ಆಮೇಲೆ. ಜೋರಾಗಿ ಹೊಡೆಯಲು ಹೋದರೆ ಹಳೇ ಚಾಳಿ ವಾಪಸ್ ಬರುತ್ತದೆ, ಅದನ್ನು ಮುಚ್ಚಿಡುವುದಿಲ್ಲ.

ಮೊನ್ನೆ ರವಿವಾರ ಮಗನ ಹತ್ತಿರ ಹೋಗಿ ರೇಂಜಿನಲ್ಲಿ ನೋಡಿದೆ. ಐರನ್ ನೆಟ್ಟಗೆ ಹೋಯಿತು, ಮಗ ಏನೂ ಅನ್ನಲಿಲ್ಲ, ಕುಂದಾ ಡಬ್ಬಿ ಎಲ್ಲಿ ಅಂತ ಕೇಳಿದ. ಡ್ರೈವರ್ ಮಾತ್ರ ಇನ್ನೂ ಬಲಕ್ಕೇ ಬಾಗುತ್ತಿದೆ. ಟೊಂಕ, ಕಾಲು ಎರಡೂ ಈಗ ಸರಿ ಕಾಣುತ್ತಿವೆ, ಮತ್ತೆ ಯಾಕೆ ಕಾಕಾ?

ಹಳೇ ಕ್ಯಾಡಿ:

ಬಾಗುವುದು ಕ್ಲಬ್ಬಿನ ಮುಖ ತೆರೆದಿರುವುದಕ್ಕೆ. ಅದು ಕಾಲಿನದಲ್ಲ, ಕೈಯದು. ಎಡಗೈ ಗ್ರಿಪ್ಪಿನ ಫೋಟೋ ತೆಗೆದು ಹಾಕಿ, ಮೇಲಿನಿಂದ. ಎಷ್ಟು ಗೆಣ್ಣು ಕಾಣುತ್ತವೆ ನೋಡೋಣ.