ನಕ್ಷತ್ರಗಳೆಲ್ಲ ಬಲಕ್ಕೇ ಓಡುತ್ತಿವೆ: ಟರ್ಮಿನಲ್‌ನಲ್ಲಿ ರೂಲ್ 90 ಬರೆಸುವಾಗ ತೊಂದರೆ

ಕಂಡಿಕೆ_ಇಳಕಲ್:

ಎಲ್ಲರಿಗೂ ನಮಸ್ಕಾರ. ನಾನು ಇಳಕಲ್‌ನವನು, ಬಾಗಲಕೋಟೆಯಲ್ಲಿ ಡಿಪ್ಲೊಮಾ ಎರಡನೇ ವರ್ಷ. ಮೂರು ದಿನದಿಂದ ಒಂದು ಸಣ್ಣ ಪೈಥಾನ್ ಪ್ರೋಗ್ರಾಂ ಹಿಡಿದು ಕೂತಿದ್ದೇನೆ. ಸರಿ ಹೋಗುತ್ತಿಲ್ಲ.

ಸೆಲ್ಯುಲರ್ ಆಟೊಮೇಟನ್‌ಗಳಲ್ಲಿ (ಒಂದು ಸಣ್ಣ ನಿಯಮದಿಂದ ಮನೆಗಳು ತಾವಾಗಿ ಬದಲಾಗುತ್ತ ಹೋಗುವ ಆಟ) ರೂಲ್ 90 ಅಂತ ಒಂದಿದೆಯಲ್ಲ, ಅದು. ಒಂದು ಸಾಲು ಮನೆಗಳು, ಪ್ರತಿ ಮನೆ ಖಾಲಿ ಅಥವಾ ತುಂಬಿದ್ದು. ಹೊಸ ಸಾಲಿನ ಪ್ರತಿ ಮನೆಗೂ ಮೇಲಿನ ಸಾಲಿನ ಎಡ ಮತ್ತು ಬಲ ಮನೆ ನೋಡಬೇಕು. ಎರಡರಲ್ಲಿ ಒಂದು ಮಾತ್ರ ತುಂಬಿದ್ದರೆ ಇಲ್ಲಿ ನಕ್ಷತ್ರ. ಎರಡೂ ತುಂಬಿದ್ದರೂ ಖಾಲಿ, ಎರಡೂ ಖಾಲಿ ಇದ್ದರೂ ಖಾಲಿ. ಮೊದಲ ಸಾಲಿನ ನಡುವೆ ಒಂದೇ ನಕ್ಷತ್ರ ಇಟ್ಟು ಬಿಟ್ಟರೆ ತ್ರಿಕೋನದೊಳಗೆ ತ್ರಿಕೋನ ಇಳಿಯುತ್ತ ಬರಬೇಕು.

ನಮ್ಮ ಮನೆಯಲ್ಲಿ ಮಗ್ಗ ಇದೆ. ಅಪ್ಪ ನೇಯುತ್ತಾರೆ, ಅವ್ವ ಕಂಡಿಕೆ ಸುತ್ತುತ್ತಾಳೆ. ಈ ಪ್ರೋಗ್ರಾಂ ಕೂಡ ನೇಯ್ಗೆಯ ಹಾಗೇ ಸಾಲಿನ ಕೆಳಗೆ ಸಾಲು ಕೂಡುತ್ತ ಬೆಳೆಯುತ್ತದೆ. ಅದಕ್ಕೇ ಇದನ್ನು ಮಾಡಿ ಅವರಿಗೆ ತೋರಿಸಬೇಕು ಅಂತ ತುಂಬಾ ಆಸೆ.

ಆಗುತ್ತಿರುವುದು ಇಷ್ಟು. ಅಗಲ 81 ಮನೆ ಇಟ್ಟಿದ್ದೇನೆ, ನಡು ಸರಿಯಾಗಿ ಸಿಗಲಿ ಅಂತ. ಎರಡೂ ಅಂಚಿನ ಮನೆ ಯಾವಾಗಲೂ ಖಾಲಿ. ಮೊದಲ ಸಾಲು ಸರಿ ಬರುತ್ತದೆ. ಎರಡನೇ ಸಾಲಿನಲ್ಲಿ ನಡುವಿನ ಹತ್ತಿರ ಶುರುವಾಗಿ ಬಲ ಅಂಚಿನವರೆಗೂ ಬರೀ ನಕ್ಷತ್ರ, ಎಣಿಸಿದೆ, 41 ಇವೆ. ಮೂರನೇ ಸಾಲಿನಲ್ಲಿ ಒಂದು ಬಿಟ್ಟು ಒಂದು, ಕೊನೆಗೆ ಮಾತ್ರ ಎರಡು ಜೊತೆಯಾಗಿ. ಎಡಗಡೆ ಹೆಚ್ಚು ಕಡಿಮೆ ಖಾಲಿ. ಇದರ ಜೊತೆಗೆ ಪ್ರತಿ ಎರಡು ಸಾಲಿನ ನಡುವೆ ಒಂದು ಖಾಲಿ ಸಾಲು ಬೇರೆ ಬರುತ್ತಿದೆ. ನಾನಂತೂ ಅದನ್ನು ಪ್ರಿಂಟ್ ಮಾಡಿಸಿಲ್ಲ.

ಅಪ್ಪ ಹಿಂದಿನಿಂದ ನೋಡಿ, "ಒಂದ ಕಡೆ ಎಳದೈತಲ್ಲೋ ಇದು" ಅಂದರು. ಎಲ್ಲಿ ಎಳೆದಿದೆ ಅಂತ ಗೊತ್ತಾಗುತ್ತಿಲ್ಲ.

ಟಿಳಕವಾಡಿ_ಟರ್ಮಿನಲ್:

ಎರಡು ಬೇರೆ ಬೇರೆ ತೊಂದರೆ ಇವೆ. ಒಟ್ಟಿಗೆ ನೋಡಬೇಡಿ, ತಲೆ ಕೆಡುತ್ತದೆ.

ಖಾಲಿ ಸಾಲು ಸುಲಭ. ನಿಮ್ಮ ಟರ್ಮಿನಲ್ (ಪ್ರೋಗ್ರಾಂ ಅಕ್ಷರ ಬರೆಯುವ ಕಿಟಕಿ) ಅಗಲ 80 ಅಕ್ಷರ ಇದೆ ಅನಿಸುತ್ತದೆ. ನೀವು 81 ಬರೆಯುತ್ತಿದ್ದೀರಿ. ಕೊನೆಯ ಒಂದು ಅಕ್ಷರ ಕೆಳಗಿನ ಸಾಲಿಗೆ ಬೀಳುತ್ತದೆ. ಅದು ಸ್ಪೇಸ್ ಆದ್ದರಿಂದ ಕಣ್ಣಿಗೆ ಕಾಣುವುದಿಲ್ಲ, ಸಾಲು ಮಾತ್ರ ಹೋಗುತ್ತದೆ. ಅಗಲ 79 ಮಾಡಿ. ಖಾಲಿ ಮನೆಗೆ ಸ್ಪೇಸ್ ಬದಲು ಚುಕ್ಕಿ ಹಾಕಿ. ನಾನು ಯಾವಾಗಲೂ ಹಾಗೇ ಮಾಡುತ್ತೇನೆ, ಕಾಣದ ಅಕ್ಷರವನ್ನು ಹುಡುಕುವುದು ಬಹಳ ಕಷ್ಟ.

ಬಲಕ್ಕೆ ಓಡುವುದು ಯಾಕೆಂದರೆ, ಒಂದೇ ಸಾಲಿನಲ್ಲಿ ಓದಿ ಅಲ್ಲೇ ಬರೆಯುತ್ತಿದ್ದೀರಿ ಅನಿಸುತ್ತದೆ. ಎಡದಿಂದ ಬಲಕ್ಕೆ ಹೋಗುವಾಗ ಎಡ ಮನೆ ಆಗಲೇ ಹೊಸದಾಗಿರುತ್ತದೆ, ಬಲ ಮನೆ ಇನ್ನೂ ಹಳೆಯದು. ಒಂದು ನಕ್ಷತ್ರ ಹುಟ್ಟಿದರೆ ಅದೇ ಪಕ್ಕದ ಮನೆಗೆ ನಕ್ಷತ್ರ ಕೊಡುತ್ತದೆ, ಅದು ಅದರ ಪಕ್ಕಕ್ಕೆ. ಹಳೆ ಸಾಲು ಬೇರೆ, ಹೊಸ ಸಾಲು ಬೇರೆ ಇಡಿ.

ಕಂಡಿಕೆ_ಇಳಕಲ್:

79 ಮಾಡಿದೆ. ಖಾಲಿ ಸಾಲು ಹೋಯಿತು! ಬಹಳ ಧನ್ಯವಾದ ಸರ್.

ಆದರೆ ನಾನು ಮೊದಲಿಂದಲೂ ಎರಡು ಸಾಲು ಇಟ್ಟಿದ್ದೇನೆ. ಪ್ರತಿ ಸುತ್ತಿನ ಶುರುವಿನಲ್ಲಿ "ಹೊಸ ಸಮ ಹಳೆ" ಅಂತ ಬರೆದು, ಆಮೇಲೆ ಹಳೆಯದನ್ನು ಓದಿ ಹೊಸದರಲ್ಲಿ ಬರೆಯುತ್ತೇನೆ. ಆದರೂ ಬಲಕ್ಕೇ ಓಡುತ್ತಿದೆ.

ಲೆಕ್ಕದಮೇಷ್ಟ್ರು_ವಿಜಯಪುರ:

ತಮ್ಮಾ, ಅಲ್ಲೇ ಇದೆ ನೋಡು. ಪೈಥಾನ್‌ನಲ್ಲಿ "ಹೊಸ ಸಮ ಹಳೆ" ಅಂದರೆ ಎರಡನೇ ಸಾಲು ಹುಟ್ಟುವುದಿಲ್ಲ. ಇರುವ ಒಂದೇ ಲಿಸ್ಟ್‌ಗೆ, ಅಂದರೆ ಸಾಲಿನ ಮನೆಗಳನ್ನು ಹಿಡಿದಿಡುವ ಪಟ್ಟಿಗೆ, ಎರಡನೇ ಹೆಸರು ಸಿಗುತ್ತದೆ. ಒಬ್ಬನೇ ಹುಡುಗನನ್ನು ಮನೆಯಲ್ಲಿ ಒಂದು ಹೆಸರಿಂದ, ಶಾಲೆಯಲ್ಲಿ ಇನ್ನೊಂದು ಹೆಸರಿಂದ ಕರೆದ ಹಾಗೆ. ನನ್ನ ಮಾತು ನಂಬುವುದು ಬೇಡ, ಐಡಿ ಅನ್ನುವ ಫಂಕ್ಷನ್‌ಗೆ ಎರಡನ್ನೂ ಕೊಟ್ಟು ಪ್ರಿಂಟ್ ಮಾಡಿ ನೋಡು. ಒಂದೇ ಸಂಖ್ಯೆ ಬರುತ್ತದೆ.

ಇನ್ನೊಂದು ಮಾತು. 79 ಮನೆ ಇಟ್ಟುಕೊಂಡು ತಪ್ಪು ಹುಡುಕಬೇಡ. 11 ಮನೆ, 5 ಸಾಲು ಸಾಕು. ಚೌಕುಳಿ ಹಾಳೆಯ ಮೇಲೆ ಮೊದಲು ಕೈಯಿಂದ ಬರೆ. ಹೀಗೆ ಬರಬೇಕು:

·····*·····
····*·*····
···*···*···
··*·*·*·*··
·*·······*·

ಪ್ರತಿ ಸಾಲಿನ ನಕ್ಷತ್ರ ಎಣಿಸು: 1, 2, 2, 4, 2. ಮುಂದೆ 4, 4, 8, ಮತ್ತೆ 2. ಮೊದಲ ಸಾಲನ್ನು 0 ಅಂತ ಇಟ್ಟುಕೊಂಡು ಸಾಲಿನ ಸಂಖ್ಯೆಯನ್ನು ಬೈನರಿಯಲ್ಲಿ (0 ಮತ್ತು 1 ಮಾತ್ರ ಬಳಸಿ) ಬರೆದರೆ ಅದರಲ್ಲಿ ಎಷ್ಟು 1 ಇವೆಯೋ, 1ನ್ನು ಅಷ್ಟು ಸಲ 2ರಿಂದ ಗುಣಿಸಬೇಕು; ಅದೇ ಆ ಸಾಲಿನ ನಕ್ಷತ್ರದ ಎಣಿಕೆ. 7 ಅಂದರೆ 111, ಅದಕ್ಕೇ 8 ನಕ್ಷತ್ರ. 8 ಅಂದರೆ 1000, ಅದಕ್ಕೇ 2. ಈ ಎಣಿಕೆಯನ್ನು ಸಾಲಿನ ಪಕ್ಕದಲ್ಲೇ ಪ್ರಿಂಟ್ ಮಾಡಿಸು. ತಪ್ಪಿದ ಸಾಲು ತಾನಾಗಿ ಕಣ್ಣಿಗೆ ಬೀಳುತ್ತದೆ.

ರೂಲ್‌ನ ಸಂಖ್ಯೆಯನ್ನೂ ಒಮ್ಮೆ ತಾಳೆ ನೋಡಿಕೋ. ತುಂಬಿದ ಮನೆ 1, ಖಾಲಿ ಮನೆ 0 ಅಂದರೆ ಎಡ, ನಡು, ಬಲ ಮೂರೂ ಸೇರಿ ಎಂಟು ಬಗೆ. ಅವುಗಳಲ್ಲಿ 110, 100, 011, 001 ಈ ನಾಲ್ಕಕ್ಕೆ ಮಾತ್ರ ನಕ್ಷತ್ರ. ಬೈನರಿಯಾಗಿ ಓದಿದರೆ ಅವು 6, 4, 3, 1; 1ನ್ನು ಅಷ್ಟಷ್ಟು ಸಲ 2ರಿಂದ ಗುಣಿಸಿದರೆ ಅವುಗಳ ಬೆಲೆ 64, 16, 8, 2. ಕೂಡಿದರೆ 90. ಹೀಗೆ ಸಂಖ್ಯೆ ಕೊಡುವ ಪದ್ಧತಿ ಕಂಪ್ಯೂಟರ್ ವಿಜ್ಞಾನಿ ಸ್ಟೀಫನ್ ವುಲ್‌ಫ್ರಮ್ ಅವರದ್ದು. ನಾನು ಮಕ್ಕಳಿಗೆ ಮೇರು ಪ್ರಸ್ತಾರ (ಮೇಲಿನ ಎರಡು ಸಂಖ್ಯೆ ಕೂಡಿಸಿ ಕೆಳಗೆ ಬರೆಯುವ ತ್ರಿಕೋನ, ಪಾಸ್ಕಲ್ ತ್ರಿಕೋನ) ಹೇಳಿಕೊಡುವಾಗ ಬೆಸ ಸಂಖ್ಯೆಗಳಿಗೆಲ್ಲ ಬಣ್ಣ ತುಂಬಿಸುತ್ತೇನೆ. ಇದೇ ಚಿತ್ರ ಅಲ್ಲೂ ಬರುತ್ತದೆ. ಪ್ರತಿ ವರ್ಷ ನೋಡಿದರೂ ನನಗೆ ಅದೇ ಖುಷಿ.

ಕಂಡಿಕೆ_ಇಳಕಲ್:

ಸರ್, ಐಡಿ ಎರಡೂ ಒಂದೇ ಬಂತು. ಈಗ ಹೊಸ ಸಾಲನ್ನು ಬೇರೆ ಲಿಸ್ಟ್ ಮಾಡಿ, ಸುತ್ತು ತಿರುಗಿಸುವ ಲೂಪ್ ಶುರುವಾಗುವ ಮೊದಲೇ ಇಟ್ಟಿದ್ದೇನೆ. ಸುತ್ತಿನ ಕೊನೆಗೆ "ಹಳೆ ಸಮ ಹೊಸ". ಎರಡನೇ ಸಾಲು ಸರಿ ಬಂತು, ಎರಡು ನಕ್ಷತ್ರ. ಆದರೆ ಮೂರನೇ ಸಾಲಿನಲ್ಲಿ ಎರಡು ನಕ್ಷತ್ರ ನಡುವಿನ ಎಡಕ್ಕೆ ಪಕ್ಕಪಕ್ಕ ಕೂತಿವೆ, ಬಲಗಡೆ ಏನೂ ಇಲ್ಲ. ಎಣಿಕೆ 2 ಅಂತಲೇ ತೋರಿಸುತ್ತದೆ, ಜಾಗ ಮಾತ್ರ ತಪ್ಪು.

ಲೆಕ್ಕದಮೇಷ್ಟ್ರು_ವಿಜಯಪುರ:

ಎಣಿಕೆ ಸರಿ ಇದ್ದೂ ಜಾಗ ತಪ್ಪಿದ್ದನ್ನು ಹಿಡಿದೆಯಲ್ಲ, ಶಾಬಾಸ್. ಮೊದಲ ಸುತ್ತಿನಲ್ಲಿ ನಿನ್ನ ಹತ್ತಿರ ನಿಜವಾಗಿ ಎರಡು ಲಿಸ್ಟ್ ಇದ್ದವು. ಕೊನೆಗೆ "ಹಳೆ ಸಮ ಹೊಸ" ಅಂದ ಕೂಡಲೇ ಎರಡೂ ಹೆಸರು ಮತ್ತೆ ಒಂದೇ ಲಿಸ್ಟ್‌ಗೆ ಹೋದವು. ಹೊಸ ಸಾಲು ಮಾಡುವ ಮಾತನ್ನು ಲೂಪ್‌ನ ಒಳಗೆ ತಾ. ಪ್ರತಿ ಸುತ್ತಿಗೂ ಎಲ್ಲ ಮನೆ ಖಾಲಿ ಇರುವ ಹೊಚ್ಚ ಹೊಸ ಲಿಸ್ಟ್ ಬೇಕು. ಸುತ್ತಿನ ಕೊನೆಯ "ಹಳೆ ಸಮ ಹೊಸ" ಹಾಗೇ ಇರಲಿ, ಅದರಿಂದ ತೊಂದರೆ ಇಲ್ಲ.

ಟಿಳಕವಾಡಿ_ಟರ್ಮಿನಲ್:

ಮೇಷ್ಟ್ರು ಹೇಳಿದ್ದು ಸರಿ. ಮನೆಯವರಿಗೆ ತೋರಿಸುವಾಗ ಸಾಲಿಗೊಮ್ಮೆ ಅರ್ಧ ಸೆಕೆಂಡ್ ಸ್ಲೀಪ್ ಕೊಡಿ. ಇಲ್ಲದಿದ್ದರೆ ಎಲ್ಲ ಸಾಲೂ ಒಮ್ಮೆಲೇ ಬಂದುಬಿಡುತ್ತವೆ, ಬೆಳೆಯುವುದು ಕಾಣುವುದಿಲ್ಲ. ಟರ್ಮಿನಲ್ 24 ಸಾಲಿನದಾಗಿದ್ದರೆ 16 ಸಾಲಿಗೆ ನಿಲ್ಲಿಸಿ. ಆಗ ಪೂರ್ತಿ ತ್ರಿಕೋನ ಪರದೆಯಲ್ಲೇ ಉಳಿಯುತ್ತದೆ.

ಕಂಡಿಕೆ_ಇಳಕಲ್:

ಬಂತು ಸರ್! ಎಣಿಕೆ 1, 2, 2, 4, 2, 4, 4, 8. ಹಾಳೆಯ ಮೇಲೆ ಬರೆದದ್ದಕ್ಕೂ ಪರದೆಗೂ ಒಂದು ಮನೆಯೂ ವ್ಯತ್ಯಾಸ ಇಲ್ಲ.

ರಾತ್ರಿ ಊಟ ಆದ ಮೇಲೆ ಲ್ಯಾಪ್‌ಟಾಪ್ ಅನ್ನು ಮಗ್ಗದ ಪಕ್ಕ ಇಟ್ಟು ತೋರಿಸಿದೆ. ತಪ್ಪು ಏನಿತ್ತು ಅಂತ ಅಪ್ಪ ಕೇಳಿದರು. ಅರ್ಧ ಹೊಸ ಸಾಲು, ಅರ್ಧ ಹಳೆ ಸಾಲು ನೋಡಿ ಲೆಕ್ಕ ಹಾಕುತ್ತಿತ್ತು ಅಂದೆ. ಅವರಿಗೆ ಅದು ಕೂಡಲೇ ಅರ್ಥವಾಯಿತು. ಅವ್ವ ಮಾತ್ರ ಬೇರೆ ಕೇಳಿದಳು: "ನಡುವ ಒಂದ ಯಾಕ? ಎರಡ ಇಟ್ಟ ನೋಡು."

16 ಮನೆ ದೂರಕ್ಕೆ ಎರಡು ನಕ್ಷತ್ರ ಇಟ್ಟೆ. ಎರಡು ತ್ರಿಕೋನ ಅಕ್ಕಪಕ್ಕ ಇಳಿದವು. ಎಂಟನೇ ಸಾಲಿಗೆ ಎರಡೂ ಕೂಡಿ 16 ನಕ್ಷತ್ರ, ಒಂದು ಬಿಟ್ಟು ಒಂದು, ನೇರ ಹಣಿಗೆಯ ಹಲ್ಲಿನ ಹಾಗೆ. ಒಂಬತ್ತನೇ ಸಾಲಿಗೆ ಎರಡೂ ಮುಟ್ಟಬೇಕಾದ ಜಾಗ ಖಾಲಿಯಾಗಿ, ಎರಡು ತುದಿಗೆ ಒಂದೊಂದು ಮಾತ್ರ ಉಳಿದವು. ಈಗ ಅವ್ವ ಮೂರು ಇಡು ಅನ್ನುತ್ತಿದ್ದಾಳೆ.